45 ದಿನದ ಸ್ಕ್ವಾಷ್: ಮನೆ ತೋಟದಲ್ಲಿ ಬೇಗ ಕಾಯಿ ತೆಗೆಯುವ ಬಗೆ

ಬೀಜದ ಪೊಟ್ಟಣದ ಮೇಲೆ '45 ದಿನ' ಅಂತ ಬರೆದಿತ್ತು. ಅದನ್ನು ನಂಬಿ ಬಿತ್ತಿದೆ, ಕ್ಯಾಲೆಂಡರಿನಲ್ಲಿ ಗುರುತೂ ಹಾಕಿಕೊಂಡೆ. 45 ದಿನ ಆಯಿತು, 55 ಆಯಿತು. ಗಿಡದಲ್ಲಿ ಅಂಗೈ ಅಗಲದ ನಾಲ್ಕೈದು ಎಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಬೀಜ ಕೊಟ್ಟವರನ್ನು ಬೈದುಕೊಂಡೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಮಣ್ಣು ಇನ್ನೂ ತಣ್ಣಗಿರುವಾಗಲೇ ಅವಸರದಲ್ಲಿ ಬಿತ್ತಿದ್ದೆ. ಸಸಿ ಹೊರಗೆ ಬಂದರೂ ಮೂರು ವಾರ ಮುದುಡಿಕೊಂಡೇ ಕೂತಿತ್ತು.

ಬೇಗ ಕಾಯಿ ಬಿಡುವ ತಳಿಗಳ ಗುಟ್ಟು ಇಲ್ಲಿಯೇ ಇದೆ. ಇವುಗಳ ಆಯಸ್ಸು ಕಡಿಮೆ. ಬಲಿತು ಕಾಯಿ ಕೊಡುವ ದೊಡ್ಡ ಬಳ್ಳಿಗಳು ಒಂದೆರಡು ವಾರ ಸೊರಗಿದರೂ ಆಮೇಲೆ ಚೇತರಿಸಿಕೊಳ್ಳುತ್ತವೆ, ಅವುಗಳ ಕೈಯಲ್ಲಿ ಮೂರ್ನಾಲ್ಕು ತಿಂಗಳು ಇರುತ್ತದೆ. 45 ದಿನದ ಗಿಡಕ್ಕೆ ಆ ಪುರುಸೊತ್ತು ಇಲ್ಲ. ಮೊದಲ ಮೂರು ವಾರ ಅದು ಎಲ್ಲಿಯೂ ತಡೆಯದೆ ಬೆಳೆಯಬೇಕು. ಈ ಮಾರ್ಗದರ್ಶಿಯಲ್ಲಿ ನಾನು ಹೇಳುವುದರಲ್ಲಿ ಅರ್ಧ ಭಾಗ ಆ ಮೂರು ವಾರದ್ದೇ.

ಯಾವ ತಳಿ ಆರಿಸಬೇಕು?

ಸ್ಕ್ವಾಷ್ ಅಂದರೆ ಕುಂಬಳದ ಬಳಗ. ಕಾಯಿ ಕೀಳುವ ರೀತಿ ನೋಡಿ ಇದರಲ್ಲಿ ಎರಡು ಗುಂಪು ಮಾಡುತ್ತಾರೆ. ಎಳೆಯದಿರುವಾಗಲೇ, ಸಿಪ್ಪೆಗೆ ಉಗುರು ಇಳಿಯುವಾಗಲೇ ಕೀಳುವುದು ಒಂದು ಗುಂಪು. ಝುಕಿನಿ, ಹಳದಿ ಬಣ್ಣದ ಸ್ಟ್ರೈಟ್‌ನೆಕ್, ತಟ್ಟೆಯಂತಿರುವ ಪ್ಯಾಟಿ ಪ್ಯಾನ್ ಎಲ್ಲ ಇದಕ್ಕೆ ಸೇರುತ್ತವೆ. ಇನ್ನೊಂದು, ಸಿಪ್ಪೆ ಗಟ್ಟಿಯಾಗಿ ಬೀಜ ಬಲಿತ ಮೇಲೆ ಕಿತ್ತು ತಿಂಗಳುಗಟ್ಟಲೆ ಇಟ್ಟುಕೊಳ್ಳುವಂಥದ್ದು. ಈ ಗುಂಪಿನಲ್ಲಿ ಬೇಗ ಬರುವ ಏಕಾರ್ನ್ ತಳಿಗಳಿಗೂ 75ರಿಂದ 85 ದಿನ ಬೇಕು. ಬಟರ್‌ನಟ್ ಥರದವು ನೂರರ ಆಸುಪಾಸು.

ಬೇಗ ಬೇಕು ಅನ್ನುವವರು ಮೊದಲ ಗುಂಪಿಗೆ ಹೋಗಿ, ಅದರಲ್ಲೂ ಪೊದೆಯಾಗಿ ಬೆಳೆಯುವ ತಳಿ ಹಿಡಿಯಿರಿ. ಬಳ್ಳಿ ತಳಿ ಮೊದಲು ಮಾರುದ್ದ ಹಬ್ಬಿ, ಆಮೇಲೆ ಹೂವಿನ ಯೋಚನೆ ಮಾಡುತ್ತದೆ. ಪೊದೆ ತಳಿಯ ಗೆಣ್ಣುಗಳು ಒತ್ತೊತ್ತಾಗಿರುತ್ತವೆ, ಐದಾರು ಎಲೆ ಬರುವಷ್ಟರಲ್ಲಿ ಬುಡದಲ್ಲೇ ಮೊಗ್ಗು ಕಾಣುತ್ತದೆ. ಬ್ಲ್ಯಾಕ್ ಬ್ಯೂಟಿ ಹಳೆಯ ಝುಕಿನಿ ತಳಿ, ಹೆಚ್ಚು ತಕರಾರಿಲ್ಲದ್ದು. ಅರ್ಲಿ ಪ್ರೋಲಿಫಿಕ್ ಸ್ಟ್ರೈಟ್‌ನೆಕ್ ಹಳದಿ ಕಾಯಿಯದ್ದು, ಅದೂ ಹಳಬ. ಜೇನುನೊಣ ಸುಳಿಯದ ಕಡೆ, ಅಂದರೆ ಎತ್ತರದ ಮಹಡಿ ಅಥವಾ ಪರದೆ ಮನೆಯಲ್ಲಿ, ಪಾರ್ಥೆನಾನ್ ಅಥವಾ ಕ್ಯಾವಿಲಿಯಂಥ ಹೈಬ್ರಿಡ್ ನೋಡಿ. ಇವು ಪರಾಗ ಸೇರದಿದ್ದರೂ ಕಾಯಿ ಕಟ್ಟುತ್ತವೆ.

ಪೊಟ್ಟಣದ ಮೇಲಿನ ದಿನಗಳ ಬಗ್ಗೆ ಒಂದು ಮಾತು. ಆ ಲೆಕ್ಕ ಒಳ್ಳೆಯ ಬಿಸಿಲು, ಬೆಚ್ಚನೆಯ ಮಣ್ಣು ಇದ್ದಾಗಿನದು. ಕೆಲವರು ಅದನ್ನು ಬಿತ್ತಿದ ದಿನದಿಂದ ಎಣಿಸುತ್ತಾರೆ, ಕೆಲವರು ಮೊಳಕೆ ಬಂದಾಗಿನಿಂದ. ಹಾಗಾಗಿ 45 ಅಂದರೆ 45ರಿಂದ 55 ಅಂತ ಓದಿಕೊಳ್ಳಿ.

ಜಾಗ, ಮಣ್ಣು, ಗುಣಿ

ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೀಳಬೇಕು. ನೆರಳಿನಲ್ಲೂ ಗಿಡ ಬೆಳೆಯುತ್ತದೆ, ಎಲೆಯೂ ದೊಡ್ಡದಾಗುತ್ತದೆ. ಕಾಯಿ ಮಾತ್ರ ಬರುವುದಿಲ್ಲ.

ಒಂದು ಗಿಡಕ್ಕೆ ಎಷ್ಟು ಜಾಗ ಬೇಕು ಅನ್ನುವುದನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಸಸಿ ಬೆರಳುದ್ದ ಇರುವಾಗ ಒಂದು ಅಡಿಗೊಂದು ನೆಡೋಣ ಅನ್ನಿಸುವುದು ಸಹಜ. ತಿಂಗಳ ನಂತರ ಅದು ಛತ್ರಿ ಬಿಚ್ಚಿದ ಹಾಗೆ ಹರಡುತ್ತದೆ. ಗಿಡದಿಂದ ಗಿಡಕ್ಕೆ 75ರಿಂದ 90 ಸೆಂಟಿಮೀಟರ್ ಬಿಡಿ. ಒತ್ತಾಗಿ ನೆಟ್ಟರೆ ಗಾಳಿ ಆಡುವುದಿಲ್ಲ, ಎಲೆ ಮೇಲೆ ಬಿಳಿ ಪುಡಿ ಹರಡುವ ಬೂದಿ ರೋಗ ಬೇಗ ಹತ್ತುತ್ತದೆ, ಹೂ ಎಲ್ಲಿದೆ ಅಂತ ಹುಡುಕುವುದಕ್ಕೂ ಆಗುವುದಿಲ್ಲ.

ಮಣ್ಣು ಸಡಿಲ ಇರಲಿ, ನೀರು ನಿಲ್ಲದಿರಲಿ. ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, 6ರಿಂದ 6.8ರೊಳಗೆ ಇದ್ದರೆ ಚೆನ್ನ. ಇಡೀ ಮಡಿಗೆ ಗೊಬ್ಬರ ಚೆಲ್ಲುವ ಬದಲು ಗುಣಿ ತೆಗೆಯುವುದು ಮೇಲು. 40 ಸೆಂಟಿಮೀಟರ್ ಅಗಲ, 30 ಆಳ. ತೆಗೆದ ಮಣ್ಣಿಗೆ ಅರ್ಧ ಬಕೆಟ್ ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ ಬೆರೆಸಿ, ಮತ್ತೆ ತುಂಬಿ, ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ದಿಬ್ಬ ಮಾಡಿ. ದಿಬ್ಬ ಬೇಗ ಬಿಸಿಯಾಗುತ್ತದೆ, ನೀರೂ ಬೇಗ ಬಸಿಯುತ್ತದೆ. ಗೊಬ್ಬರ ಕಳಿತಿರಬೇಕು ಅನ್ನುವುದನ್ನು ಸುಮ್ನೆ ಹೇಳುತ್ತಿಲ್ಲ. ಹಸಿ ಗೊಬ್ಬರ ಎಳೆ ಬೇರನ್ನು ಸುಡುತ್ತದೆ.

ಕುಂಡದಲ್ಲಿ ಬೆಳೆಯುವವರು 25 ಲೀಟರಿಗಿಂತ ಚಿಕ್ಕದು ತರಬೇಡಿ. ಒಂದು ಕುಂಡಕ್ಕೆ ಒಂದೇ ಗಿಡ. ಎರಡು ಹಾಕಿದರೆ ಎರಡೂ ಅರೆಬರೆ ಆಗುತ್ತವೆ.

ಬಿತ್ತನೆ

ಮೊದಲು ಮಣ್ಣಿನ ಬಿಸಿ ನೋಡಿ. ಥರ್ಮಾಮೀಟರನ್ನು ಬೆಳಿಗ್ಗೆ 5 ಸೆಂಟಿಮೀಟರ್ ಆಳಕ್ಕೆ ಚುಚ್ಚಿ ಎರಡು ನಿಮಿಷ ಬಿಡಿ. 15 ಡಿಗ್ರಿಗಿಂತ ಕೆಳಗಿದ್ದರೆ ಬಿತ್ತಲೇಬೇಡಿ, ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ. 18 ದಾಟಿದರೆ ಬಿತ್ತಬಹುದು. 25ರಿಂದ 30 ಇದ್ದರೆ ನಾಲ್ಕರಿಂದ ಆರು ದಿನದಲ್ಲಿ ಮೊಳಕೆ ಹೊರಗೆ ಬಂದಿರುತ್ತದೆ. ಹದಿನೈದು ದಿನ ತಡವಾಗಿ ಬೆಚ್ಚನೆಯ ಮಣ್ಣಿಗೆ ಬಿದ್ದ ಬೀಜ, ಮೊದಲೇ ತಣ್ಣನೆಯ ಮಣ್ಣಿಗೆ ಬಿದ್ದದ್ದನ್ನು ಹಿಂದೆ ಹಾಕುವುದನ್ನು ನನ್ನ ತೋಟದಲ್ಲೇ ನೋಡಿದ್ದೇನೆ. ಹಿಮ ಬೀಳುವ ಕಡೆ ಇರುವವರಂತೂ ಕೊನೆಯ ಹಿಮ ಮುಗಿಯುವ ತನಕ ಕಾಯಲೇಬೇಕು. ಒಂದೇ ರಾತ್ರಿಯ ಹಿಮಕ್ಕೆ ಈ ಗಿಡ ಕಪ್ಪಾಗಿ ಬಿದ್ದುಹೋಗುತ್ತದೆ.

ಬಿತ್ತುವ ಹಿಂದಿನ ದಿನ ಗುಣಿಗೆ ಚೆನ್ನಾಗಿ ನೀರುಣಿಸಿ. ಮರುದಿನ ಎರಡೂವರೆ ಸೆಂಟಿಮೀಟರ್ ಆಳದಲ್ಲಿ ಮೂರು ಬೀಜ, ನಡುವೆ ನಾಲ್ಕು ಬೆರಳು ಅಂತರ. ಬೀಜವನ್ನು ಮಲಗಿಸಿ ಇಡಿ. ಆಮೇಲೆ ಮೇಲ್ಮಣ್ಣು ಒಣಗಿ ಬಿರುಕು ಬಿಡುವಂತಿದ್ದರೆ ಮಾತ್ರ ಸ್ವಲ್ಪ ಚಿಮುಕಿಸಿ. ಈ ಹಂತದಲ್ಲಿ ನೀರು ಕಡಿಮೆಯಾಗಿ ಸತ್ತ ಬೀಜಕ್ಕಿಂತ ಜಾಸ್ತಿಯಾಗಿ ಕೊಳೆತದ್ದೇ ಹೆಚ್ಚು.

ಮೊಳಕೆ ಬರುವ ಹೊತ್ತಿಗೆ ಒಮ್ಮೆ ಮಂಡಿಯೂರಿ ಕೂತು ನೋಡಿ. ಬೇರು ಮತ್ತು ಕಾಂಡ ಸೇರುವ ಕಡೆ ಒಂದು ಪುಟ್ಟ ಕೊಕ್ಕೆ ಇರುತ್ತದೆ. ಅದು ಬೀಜದ ಸಿಪ್ಪೆಯ ಅಂಚನ್ನು ಒತ್ತಿ ಹಿಡಿದುಕೊಳ್ಳುತ್ತದೆ. ಕಾಂಡ ಬಾಗಿ ಮೇಲಕ್ಕೆ ಜಗ್ಗಿದಾಗ ಬೀಜದಳಗಳು ಸಿಪ್ಪೆಯೊಳಗಿಂದ ಜಾರಿ ಹೊರಗೆ ಬರುತ್ತವೆ, ಸಿಪ್ಪೆ ಮಣ್ಣಿನಲ್ಲೇ ಉಳಿಯುತ್ತದೆ. ಬೀಜ ತೀರಾ ಮೇಲೆ ಬಿದ್ದಿದ್ದರೆ ಈ ಜಗ್ಗಾಟಕ್ಕೆ ಆಸರೆ ಸಿಗದೆ ಸಸಿ ಸಿಪ್ಪೆಯ ಟೋಪಿ ಹಾಕಿಕೊಂಡೇ ಹೊರಗೆ ಬರುತ್ತದೆ. ಆಗ ಎಳೆಯಬೇಡಿ. ಬೆರಳಲ್ಲಿ ನೀರು ಮುಟ್ಟಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಮೆಲ್ಲಗೆ ಬಿಡಿಸಿ.

ಬೀಜದಳಗಳ ನಂತರ ಮೊದಲ ನಿಜ ಎಲೆ ಬಂದಾಗ ಮೂರರಲ್ಲಿ ಗಟ್ಟಿಮುಟ್ಟಾದ ಒಂದನ್ನು ಉಳಿಸಿ. ಉಳಿದೆರಡನ್ನು ಕೀಳುವುದಲ್ಲ, ಕತ್ತರಿಯಿಂದ ಬುಡಕ್ಕೆ ಕತ್ತರಿಸುವುದು. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ. ಚೆನ್ನಾಗಿರುವ ಸಸಿಯನ್ನು ಕೊಲ್ಲಲು ಮನಸ್ಸು ಬರುವುದಿಲ್ಲ, ನನಗೂ ಬರುತ್ತಿರಲಿಲ್ಲ. ಒಮ್ಮೆ ಮೂರನ್ನೂ ಬಿಟ್ಟು ನೋಡಿದೆ. ಮೂರೂ ಸೇರಿ ಒಂದು ಗಿಡದಷ್ಟು ಕಾಯಿಯನ್ನೂ ಕೊಡಲಿಲ್ಲ.

ಬೆಚ್ಚನೆಯ ಕಾಲ ಚಿಕ್ಕದಿರುವ ಕಡೆ ಕುಂಡದಲ್ಲಿ ಸಸಿ ಮಾಡಿಕೊಂಡು ನಾಟಿ ಮಾಡಬಹುದು. ಕುಂಬಳದ ಬಳಗಕ್ಕೆ ಬೇರು ಅಲುಗಿದರೆ ಆಗುವುದಿಲ್ಲ. ಆದ್ದರಿಂದ ಮಣ್ಣಿನಲ್ಲೇ ಕರಗುವ ಕಾಗದದ ಲೋಟ ಬಳಸಿ, ಲೋಟದ ಸಮೇತ ನೆಡಿ. ಸಸಿಗೆ ಎರಡು, ಹೆಚ್ಚೆಂದರೆ ಮೂರು ವಾರ ಆಗಿರಬೇಕು. ಒಂದು ತಿಂಗಳ ಸಸಿ ನೋಡಲು ದೊಡ್ಡದಿರುತ್ತದೆ, ಆದರೆ ಬೇರು ಸುತ್ತಿಕೊಂಡಿರುತ್ತದೆ. ನೆಟ್ಟ ಮೇಲೆ ಗಿಡ ಬೆಳೆಯದೆ ಎರಡು ಹೂ ಬಿಟ್ಟು ಸುಮ್ಮನಾಗುತ್ತದೆ. ನೆಡುವ ಮೊದಲು ಐದಾರು ದಿನ ಹಗಲಲ್ಲಿ ಹೊರಗಿಟ್ಟು ಬಿಸಿಲು ಗಾಳಿ ಅಭ್ಯಾಸ ಮಾಡಿಸಿ.

ಮೊದಲ ಮೂರು ವಾರ

ಸಸಿಯ ದೊಡ್ಡ ಶತ್ರು ಎಲೆ ತಿನ್ನುವ ದುಂಬಿ. ಏಷ್ಯಾದ ಬಿಸಿ ನಾಡುಗಳಲ್ಲಿ ಕೆಂಪು ಕುಂಬಳ ದುಂಬಿ, ಅಮೆರಿಕದ ಕಡೆ ಹಳದಿ ಕಪ್ಪು ಪಟ್ಟೆಯ ಸೌತೆ ದುಂಬಿ. ದೊಡ್ಡ ಗಿಡದ ಎಲೆಯಲ್ಲಿ ಹತ್ತು ತೂತು ಮಾಡಿದರೆ ಗಿಡಕ್ಕೆ ಲೆಕ್ಕಕ್ಕಿಲ್ಲ. ಎರಡೇ ಬೀಜದಳ ಇರುವ ಸಸಿಗೆ ಅದೇ ಸಾವು. ಔಷಧಿಗಿಂತ ಬಟ್ಟೆ ಮೇಲು. ಬಿತ್ತಿದ ದಿನವೇ ತೆಳು ಬಿಳಿ ಬಟ್ಟೆ ಅಥವಾ ಸಣ್ಣ ಕಣ್ಣಿನ ಬಲೆಯನ್ನು ಬಾಗಿಸಿದ ಕಡ್ಡಿಗಳ ಮೇಲೆ ಹೊದಿಸಿ, ಅಂಚಿಗೆ ಮಣ್ಣು ಕೊಡಿ. ಇದು ತಣ್ಣನೆಯ ರಾತ್ರಿಯಲ್ಲಿ ಸ್ವಲ್ಪ ಬೆಚ್ಚಗೂ ಇಡುತ್ತದೆ. ಮೊದಲ ಹೆಣ್ಣು ಹೂ ಕಂಡ ದಿನ ತೆಗೆಯಿರಿ, ಇಲ್ಲದಿದ್ದರೆ ಜೇನುನೊಣ ಒಳಗೆ ಬರುವುದು ಹೇಗೆ? ನಾನು ಒಂದು ಸಲ ಮರೆತು ಒಂದು ವಾರದ ಹೀಚುಗಳನ್ನೆಲ್ಲ ಕಳೆದುಕೊಂಡೆ.

ನೀರಿನ ಲೆಕ್ಕ ಹೀಗೆ: ವಾರಕ್ಕೆ ಒಂದು ಚದರ ಮೀಟರಿಗೆ ಸುಮಾರು 25 ಲೀಟರ್. ಅದನ್ನು ಎರಡು ಸಲಕ್ಕೆ ಹಂಚಿ ಆಳಕ್ಕೆ ಇಳಿಯುವಂತೆ ಕೊಡಿ. ದಿನಾ ಒಂದೊಂದು ಚೊಂಬು ಚಿಮುಕಿಸಿದರೆ ಬೇರು ಮೇಲೆಯೇ ಉಳಿದು, ಒಂದು ದಿನ ತಪ್ಪಿದರೂ ಗಿಡ ಬಾಡುತ್ತದೆ. ಕಡು ಬಿಸಿಲಲ್ಲಿ, ಮರಳು ಮಣ್ಣಿನಲ್ಲಿ ಇದಕ್ಕಿಂತ ಜಾಸ್ತಿ ಬೇಕು. ಕುಂಡಕ್ಕೆ ಬೇಸಿಗೆಯಲ್ಲಿ ದಿನವೂ ಬೇಕಾಗಬಹುದು. ಮಧ್ಯಾಹ್ನ ಎಲೆ ಜೋತುಬಿದ್ದದ್ದು ನೋಡಿ ಗಾಬರಿಯಾಗಿ ನೀರು ಸುರಿಯಬೇಡಿ. ಇಷ್ಟು ದೊಡ್ಡ ಎಲೆ ಬಿಸಿಲಿಗೆ ಜೋಲುವುದು ಮಾಮೂಲು. ಸಂಜೆಗೆ ಎದ್ದು ನಿಂತರೆ ಸರಿ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಹಸಿಯಾಗಿದ್ದೂ ಬಾಡಿದ್ದರೆ ಬೇರಿನಲ್ಲೋ ಕಾಂಡದಲ್ಲೋ ತೊಂದರೆ ಇದೆ.

ಮೂರ್ನಾಲ್ಕು ಎಲೆ ಬಂದ ಮೇಲೆ ಬುಡದ ಸುತ್ತ ಒಣ ಹುಲ್ಲು ಅಥವಾ ಒಣಗಿದ ಎಲೆ ಹೊದಿಸಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಗುಣಿಯಲ್ಲಿ ಗೊಬ್ಬರ ಚೆನ್ನಾಗಿದ್ದರೆ ಹೂ ಬರುವ ತನಕ ಮತ್ತೇನೂ ಬೇಡ. ಈ ಹಂತದಲ್ಲಿ ಯೂರಿಯಾ ಹಾಕಿದರೆ ಎಲೆಗಳು ಆನೆಕಿವಿಯಷ್ಟಾಗುತ್ತವೆ, ಹೆಣ್ಣು ಹೂ ತಡವಾಗುತ್ತದೆ. ಮೊದಲ ಹೀಚು ಕಂಡ ಮೇಲೆ ಎರಡು ಮೂರು ವಾರಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ ಕೊಡಿ, ಸಾಕು.

ಹೂವಿನ ಹೊತ್ತು

ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ. 'ಹೂ ತುಂಬಾ ಬರುತ್ತೆ, ಉದುರಿ ಹೋಗುತ್ತೆ, ಏನು ಹಾಕಲಿ?' ಏನೂ ಹಾಕಬೇಡಿ. ಮೊದಲು ಬರುವ ಹೂಗಳು ಸಾಮಾನ್ಯವಾಗಿ ಗಂಡು ಹೂಗಳು. ಅವು ಒಂದು ಬೆಳಿಗ್ಗೆ ಅರಳಿ ಉದುರುವುದಕ್ಕೇ ಇರುವವು. ಒಂದು ವಾರ ಕಳೆದ ಮೇಲೆ ಹೆಣ್ಣು ಹೂ ಶುರುವಾಗುತ್ತದೆ. ಕೆಲವು ಹೈಬ್ರಿಡ್‌ಗಳಲ್ಲಿ, ಹವೆ ತಂಪಿದ್ದರೆ, ಇದೇ ತಿರುಗುಮುರುಗಾಗಿ ಹೆಣ್ಣೇ ಮೊದಲು ಬರುವುದೂ ಉಂಟು. ಹಗಲು ಉದ್ದವಾಗಿ ಬಿಸಿ ಏರಿದಷ್ಟೂ ಗಂಡು ಹೂ ಜಾಸ್ತಿ.

ಗುರುತಿಸುವುದು ಸುಲಭ. ಗಂಡು ಹೂ ತೆಳ್ಳಗಿನ ಉದ್ದ ತೊಟ್ಟಿನ ಮೇಲೆ ನಿಲ್ಲುತ್ತದೆ. ಹೆಣ್ಣು ಹೂ ಕಾಂಡಕ್ಕೆ ಹತ್ತಿರದಲ್ಲಿ, ಗಿಡ್ಡ ತೊಟ್ಟಿನ ಮೇಲೆ, ಹೂವಿನ ಕೆಳಗೇ ಬೆರಳುದ್ದದ ಹೀಚಿನ ಜೊತೆ ಇರುತ್ತದೆ. ಹೀಚು ಇದೆ ಅಂದ ಮಾತ್ರಕ್ಕೆ ಕಾಯಿ ಆಯಿತು ಅಂತ ಅಲ್ಲ. ಪರಾಗ ಸೇರದಿದ್ದರೆ ಮೂರ್ನಾಲ್ಕು ದಿನದಲ್ಲಿ ತುದಿ ಹಳದಿಯಾಗಿ, ಮೆತ್ತಗಾಗಿ ಕೊಳೆಯುತ್ತದೆ. ಇದನ್ನು ರೋಗ ಅಂದುಕೊಂಡು ಔಷಧಿ ಹೊಡೆಯುವವರೇ ಹೆಚ್ಚು. ಹಾಗೆ ಹೊಡೆದು ಇರುವ ನಾಲ್ಕು ಜೇನುನೊಣಗಳನ್ನೂ ಓಡಿಸುತ್ತಾರೆ.

ಕೈಯಿಂದ ಪರಾಗ ಸೇರಿಸುವುದನ್ನು ಕಲಿತರೆ ಈ ತಲೆನೋವು ಮುಗಿಯಿತು. ಬೆಳಿಗ್ಗೆ ಬೇಗ ಹೋಗಬೇಕು. ಹೂ ಬೆಳಕು ಹರಿಯುವ ಹೊತ್ತಿಗೆ ಅರಳುತ್ತದೆ, ಬಿಸಿಲೇರುತ್ತಿದ್ದಂತೆ ಮುಚ್ಚಿಕೊಳ್ಳುತ್ತದೆ, ಮತ್ತೆ ಅರಳುವುದಿಲ್ಲ. ಅವತ್ತೇ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕೀಳಿ. ಬೆರಳು ತಾಗಿಸಿದರೆ ಹಳದಿ ಪುಡಿ ಅಂಟಬೇಕು, ಅಂಟದಿದ್ದರೆ ಬೇರೆ ಹೂ ನೋಡಿ. ದಳಗಳನ್ನು ಹರಿದು ತೆಗೆದರೆ ನಡುವೆ ಪರಾಗ ಮೆತ್ತಿದ ಕಡ್ಡಿ ಉಳಿಯುತ್ತದೆ. ಹೆಣ್ಣು ಹೂವಿನ ಒಳಗೆ ಕಿತ್ತಳೆ ಬಣ್ಣದ, ಹಾಲೆ ಹಾಲೆಯಾದ ಉಬ್ಬು ಇರುತ್ತದೆ. ಆ ಉಬ್ಬಿನ ಎಲ್ಲ ಹಾಲೆಗಳಿಗೂ ಪುಡಿ ಮೆತ್ತಿಕೊಳ್ಳುವಂತೆ ಮೆಲ್ಲಗೆ ಸುತ್ತ ಸವರಿ. ಒಂದೇ ಕಡೆ ಒತ್ತಿ ಬಂದರೆ ಕಾಯಿ ಸೊಟ್ಟಗಾಗುತ್ತದೆ, ಒಂದು ತುದಿ ದಪ್ಪ, ಇನ್ನೊಂದು ತುದಿ ಚೂಪು. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂವಿಗೆ ಸಾಕು.

ಮರುದಿನ ಹೂ ಬಾಡಿದ್ದರೂ ಹೀಚು ಮಿರುಗುತ್ತಾ ಇದ್ದರೆ, ಎರಡನೇ ದಿನಕ್ಕೆ ಕಣ್ಣಿಗೆ ಕಾಣುವಷ್ಟು ಉದ್ದ ಆಗಿದ್ದರೆ, ಕೆಲಸ ಆಗಿದೆ ಅಂತ ಅರ್ಥ.

ಒಂದೇ ಗಿಡ ಇಟ್ಟುಕೊಂಡವರಿಗೆ ಗಂಡು ಮತ್ತು ಹೆಣ್ಣು ಹೂ ಒಂದೇ ದಿನ ಸಿಗದಿರಬಹುದು. ಎರಡು ಮೂರು ಗಿಡ ಇಡಿ ಅನ್ನುವುದು ಅದಕ್ಕೇ. ಉಳಿದ ಗಂಡು ಹೂಗಳು ತಿನ್ನಲು ಚೆನ್ನಾಗಿರುತ್ತವೆ, ಒಳಗೆ ಜೇನುನೊಣ ಕೂತಿಲ್ಲ ಅಂತ ನೋಡಿಕೊಂಡು ಕೀಳಿ.

ಕಾಯಿ ಕೀಳುವುದು

ಪರಾಗ ಸೇರಿದ ಮೇಲೆ ನಾಲ್ಕರಿಂದ ಎಂಟು ದಿನದಲ್ಲಿ ಕಾಯಿ ಕೀಳಲು ಬರುತ್ತದೆ. ಉದ್ದ ಝುಕಿನಿ 15ರಿಂದ 20 ಸೆಂಟಿಮೀಟರ್ ಇರುವಾಗ, ಪ್ಯಾಟಿ ಪ್ಯಾನ್ ಅಂಗೈಯಲ್ಲಿ ಕೂರುವಷ್ಟಿರುವಾಗ. ಇನ್ನೂ ಸ್ವಲ್ಪ ದೊಡ್ಡದಾಗಲಿ ಅಂತ ಬಿಡಬೇಡಿ. ಎರಡು ದಿನ ಊರಲ್ಲಿ ಇರದಿದ್ದರೆ ಸಾಕು, ಎಲೆ ಕೆಳಗೆ ಮೊಳಕೈ ಗಾತ್ರದ್ದೊಂದು ಮಲಗಿರುತ್ತದೆ. ಅದರ ಸಿಪ್ಪೆ ಒರಟು, ಒಳಗೆ ಬೆಂಡು, ಬೀಜ. ರುಚಿ ಹೋದದ್ದು ಒಂದು ಕಡೆ. ಅದಕ್ಕಿಂತ ದೊಡ್ಡ ನಷ್ಟ ಏನೆಂದರೆ, ಬೀಜ ಬಲಿಯತೊಡಗಿದ ಕಾಯಿ ಇದ್ದಷ್ಟು ದಿನ ಗಿಡ ತನ್ನ ಶಕ್ತಿಯನ್ನೆಲ್ಲ ಅದಕ್ಕೇ ಸುರಿಯುತ್ತದೆ. ಹೊಸ ಹೆಣ್ಣು ಹೂ ನಿಂತುಹೋಗುತ್ತದೆ. ಹಾಗಾಗಿ ಒಂದು ದಿನ ಬಿಟ್ಟು ಒಂದು ದಿನ ಎಲೆ ಸರಿಸಿ ನೋಡಲೇಬೇಕು.

ಕೈಯಿಂದ ತಿರುಚಿ ಕೀಳಬೇಡಿ, ಕಾಂಡ ಸೀಳುತ್ತದೆ. ಚೂಪಾದ ಚಾಕುವಿನಿಂದ ಎರಡು ಸೆಂಟಿಮೀಟರ್ ತೊಟ್ಟು ಬಿಟ್ಟು ಕತ್ತರಿಸಿ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಎಲೆಯ ತೊಟ್ಟಿನ ಮೇಲಿನ ಮುಳ್ಳಿನಂಥ ರೋಮ ತಾಗಿದರೆ ಸಂಜೆಯವರೆಗೆ ತುರಿಸುತ್ತದೆ. ಕಿತ್ತ ಕಾಯಿ ಫ್ರಿಜ್ಜಿನಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ತೀರಾ ತಣ್ಣನೆಯ ಕಡೆ, 5 ಡಿಗ್ರಿಗಿಂತ ಕೆಳಗೆ, ಇಟ್ಟರೆ ಸಿಪ್ಪೆಯಲ್ಲಿ ಗುಳಿ ಬೀಳುತ್ತದೆ.

ಕಾಯಿ ಕಹಿ ಇದ್ದರೆ ತಿನ್ನಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಕುಂಬಳದ ಬಳಗದಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ಇರುತ್ತದೆ. ತರಕಾರಿ ತಳಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅಲಂಕಾರದ ಕುಂಬಳದಂಥ ಕಹಿ ತಳಿಯ ಜೊತೆ ಬೆರಕೆಯಾದ ಬೀಜದಿಂದ ಬಂದ ಗಿಡದಲ್ಲಿ ಅದು ಜಾಸ್ತಿ ಆಗಬಹುದು. ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಭೇದಿ ಆಗುತ್ತದೆ. ಅನುಮಾನ ಬಂದರೆ ಹಸಿ ಕಾಯಿಯ ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ. ಕಹಿ ಅನ್ನಿಸಿದರೆ ಉಗಿದು, ಇಡೀ ಗಿಡವನ್ನೇ ಕಿತ್ತುಹಾಕಿ. ತಾನಾಗಿ ಹುಟ್ಟಿದ ಕುಂಬಳ ಜಾತಿಯ ಗಿಡದ ಕಾಯಿಯನ್ನು ನಾನು ತಿನ್ನುವುದೇ ಇಲ್ಲ, ಇದೇ ಕಾರಣಕ್ಕೆ. ಬೀಜ ಉಳಿಸಿಕೊಳ್ಳುವವರೂ ಇದನ್ನು ನೆನಪಿಡಿ. ಜೇನುನೊಣ ಎಲ್ಲೆಲ್ಲಿಂದಲೋ ಪರಾಗ ತರುತ್ತದೆ. ಹಿಂದಿನ ಸಂಜೆಯೇ ಗಂಡು, ಹೆಣ್ಣು ಮೊಗ್ಗುಗಳ ಬಾಯಿಗೆ ದಾರ ಕಟ್ಟಿ, ಬೆಳಿಗ್ಗೆ ಕೈಯಿಂದ ಪರಾಗ ಸೇರಿಸಿ, ಮತ್ತೆ ಕಟ್ಟಿಟ್ಟ ಹೂವಿನ ಕಾಯಿಯ ಬೀಜ ಮಾತ್ರ ನಂಬಿಕೆಯದ್ದು. ಹೈಬ್ರಿಡ್ ಆದರೆ ಅದೂ ಬೇಡ.

ರೋಗ, ಹುಳ

ಬೂದಿ ರೋಗ ಬಂದೇ ಬರುತ್ತದೆ, ಎಷ್ಟು ತಡವಾಗಿ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ಮೊದಲು ಗುರುತು ಸರಿಯಾಗಿರಲಿ. ಅನೇಕ ಝುಕಿನಿ ತಳಿಗಳ ಎಲೆಯಲ್ಲಿ ನರಗಳ ಪಕ್ಕ ಬೆಳ್ಳಿ ಬಣ್ಣದ ಮಚ್ಚೆ ಹುಟ್ಟಿನಿಂದಲೇ ಇರುತ್ತದೆ. ಬೆರಳಿಂದ ಉಜ್ಜಿ ನೋಡಿ. ಪುಡಿ ಬಂದರೆ ರೋಗ, ಬಾರದಿದ್ದರೆ ಅದು ಎಲೆಯ ಬಣ್ಣ. ರೋಗವೇ ಆದರೆ ಕೆಳಗಿನ ಹಳೆಯ ಎಲೆ ಎರಡು ಮೂರು ತೆಗೆದು ಗಾಳಿ ಆಡಲು ಬಿಡಿ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ವಾರಕ್ಕೊಮ್ಮೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಇದು ಅಜ್ಜಿ ಮದ್ದಿನ ಹಾಗೆ ಕೇಳಿಸುತ್ತದೆ, ಅಲ್ವಾ? ಬ್ರೆಜಿಲ್‌ನ ವಾಗ್ನರ್ ಬೆಟಿಯೋಲ್ ಎಂಬ ಸಂಶೋಧಕರು ಝುಕಿನಿಯ ಮೇಲೆಯೇ ಇದನ್ನು ಪ್ರಯೋಗಿಸಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ರೋಗ ಶುರುವಿನಲ್ಲಿದ್ದಾಗ, ಬಿಸಿಲಿರುವ ದಿನ ಸಿಂಪಡಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಲೆ ಪೂರ್ತಿ ಬೆಳ್ಳಗಾದ ಮೇಲೆ ಹಾಲು ದಂಡ.

ಕಾಯಿಯ ತುದಿ ಕಪ್ಪಾಗಿ, ಒಣಗಿದ ತೊಗಲಿನಂತಾದರೆ ಅದು ಕ್ಯಾಲ್ಸಿಯಂ ಕಾಯಿಗೆ ತಲುಪದೆ ಆಗುವ ತೊಂದರೆ. ಹೆಚ್ಚಿನ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ನೀರು ಒಂದು ದಿನ ಹೊಳೆ, ಒಂದು ದಿನ ಬರ ಆಗಿರುತ್ತದೆ. ನೀರು ಸಮ ಮಾಡಿ.

ಹಣ್ಣು ನೊಣದ ಕಾಟ ಇರುವ ಕಡೆ ಪರಾಗ ಸೇರಿದ ಹೀಚಿಗೆ ಕಾಗದದ ಚೀಲ ಕಟ್ಟಿ. ಚುಚ್ಚಿ ಕೊಳೆತ ಕಾಯಿಯನ್ನು ತಿಪ್ಪೆಗೆ ಎಸೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ, ಒಳಗಿನ ಹುಳ ಸಾಯುತ್ತದೆ. ಗಿಡಹೇನು, ಬಿಳಿ ನೊಣಕ್ಕೆ ಬೇವಿನ ಎಣ್ಣೆ ಸಂಜೆ ಹೊತ್ತು, ಹೂ ಮುಚ್ಚಿದ ಮೇಲೆ ಸಿಂಪಡಿಸಿ. ಎಲೆ ಸುಕ್ಕಾಗಿ, ಹಸಿರು ಹಳದಿ ಮಚ್ಚೆ ಬಂದು, ಕಾಯಿ ಗಂಟು ಗಂಟಾದರೆ ಅದು ವೈರಸ್. ಮದ್ದಿಲ್ಲ. ಪಕ್ಕದ ಗಿಡಕ್ಕೆ ಹೋಗುವ ಮೊದಲು ಕಿತ್ತುಬಿಡಿ.

ಮುಂದಿನ ಬಿತ್ತನೆ

ಪೊದೆ ತಳಿ ಆರರಿಂದ ಎಂಟು ವಾರ ಚೆನ್ನಾಗಿ ಕಾಯಿ ಕೊಟ್ಟು ಆಮೇಲೆ ಸೋಲುತ್ತದೆ. ಸೋತ ಗಿಡಕ್ಕೆ ಗೊಬ್ಬರ ಹಾಕಿ ಎಬ್ಬಿಸುವ ಕೆಲಸ ನಾನು ಬಿಟ್ಟಿದ್ದೇನೆ. ಮೊದಲ ಗಿಡದಲ್ಲಿ ಮೊದಲ ಹೆಣ್ಣು ಹೂ ಕಂಡ ವಾರವೇ, ಸಾಧ್ಯವಾದರೆ ತೋಟದ ಇನ್ನೊಂದು ಮೂಲೆಯಲ್ಲಿ, ಎರಡನೇ ಗುಣಿಗೆ ಮೂರು ಬೀಜ ಹಾಕುತ್ತೇನೆ. ಎರಡನೇ ಗಿಡ ಕಾಯಿ ಬಿಡುವ ಹೊತ್ತಿಗೆ ಮೊದಲ ಗಿಡದ ಎಲೆಗಳು ಬೂದಿ ಬಡಿದು ಕೂತಿರುತ್ತವೆ. ಬೂದಿ ಬಡಿದ ಗಿಡವನ್ನು ಬುಡಕ್ಕೆ ಕತ್ತರಿಸಿ ತೋಟದಿಂದ ಹೊರಗೆ ಹಾಕಿ. ಆ ಗುಣಿಗೆ ಎರಡು ಮೂರು ವರ್ಷ ಕುಂಬಳ, ಸೌತೆ, ಕಲ್ಲಂಗಡಿ ಯಾವುದೂ ಬೇಡ. ಹುರುಳಿಕಾಯಿಯನ್ನೋ ಸೊಪ್ಪನ್ನೋ ಹಾಕಿ.